ಹಾಸಿಗೆ ಹೊತ್ತವರ ನಂಬಿಕೆ: ನಮ್ಮ ಸಭಾ ಸಮಿತಿಗೊಂದು ಬಹಿರಂಗ ಪತ್ರ

ಮಾನ್ಯ ಸಭಾಪಾಲಕರಿಗೆ, ಸಭಾ ಸಮಿತಿಯ ಹಿರಿಯರಿಗೆ ಮತ್ತು ನನ್ನ ಜೊತೆ ಪ್ರತಿ ಭಾನುವಾರ ಅದೇ ಬೆಂಚುಗಳಲ್ಲಿ ಕೂರುವ ಎಲ್ಲರಿಗೂ,

ಯೇಸುಸ್ವಾಮಿಯ ನಾಮದಲ್ಲಿ ವಂದನೆಗಳು.

ಮೂರು ವಾರದ ಹಿಂದೆ ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ನಮಗೆಲ್ಲ ಒಂದೊಂದು ಫಾರಂ ಕೊಟ್ಟಿರಿ. ಪಿನ್ ಹೊಡೆದ ಎರಡು ಹಾಳೆ. ಮೇಲೆ ‘ವಿಶ್ವಾಸ ಘೋಷಣಾ ಪತ್ರ’ ಎಂದು ದಪ್ಪ ಅಕ್ಷರ, ಕೆಳಗೆ ಹನ್ನೆರಡು ಅಂಶ, ಕೊನೆಯಲ್ಲಿ ಸಹಿಗೆ ಜಾಗ. ಸಂಡೇ ಸ್ಕೂಲ್ ಶಿಕ್ಷಕರು, ಕ್ವಾಯರ್‌ನವರು ಮತ್ತು ಸಮಿತಿಗೆ ನಿಲ್ಲುವವರು ಸಹಿ ಮಾಡಲೇಬೇಕು ಎಂದಿರಿ. ನಾನು ಮನೆಗೆ ತಂದು ಎರಡು ಸಲ ಓದಿದೆ. ಒಂಬತ್ತು ಅಂಶಗಳಿಗೆ ನನ್ನ ತಕರಾರು ಇರಲಿಲ್ಲ. ಮೂರಕ್ಕೆ ಇತ್ತು. ಮುಂದಿನ ಭಾನುವಾರ ಅದನ್ನೇ ಹೇಳಿದೆ. ‘ಹಾಗಾದರೆ ನೀವು ಏನು ನಂಬುತ್ತೀರಿ, ಅದನ್ನಾದರೂ ಬರೆದು ಕೊಡಿ’ ಎಂದು ಸಮಿತಿಯ ಹಿರಿಯರೊಬ್ಬರು ಎಲ್ಲರ ಮುಂದೆ ಕೇಳಿದರು. ಅದರ ಮರುವಾರ ನನ್ನ ಸಂಡೇ ಸ್ಕೂಲ್ ತರಗತಿಯಲ್ಲಿ ಬೇರೆ ಶಿಕ್ಷಕಿ ನಿಂತಿದ್ದರು. ನನಗೆ ಮೊದಲೇ ಯಾರೂ ಹೇಳಿರಲಿಲ್ಲ. ‘ಟೀಚರ್, ನೀವು ಬಿಟ್ಟುಬಿಟ್ರಂತಲ್ಲ’ ಎಂದು ಒಬ್ಬ ಹುಡುಗ ಅಂಗಳದಲ್ಲಿ ಬಂದು ಕೇಳಿದ.

ನಾನು ಬಿಟ್ಟಿಲ್ಲ. ಹತ್ತೊಂಬತ್ತು ವರ್ಷ ಮಾಡಿದ ಕೆಲಸ ಅದು. ಬರೆದು ಕೊಡಿ ಎಂದಿರಿ, ಬರೆಯುತ್ತಿದ್ದೇನೆ. ಎಲ್ಲರ ಮುಂದೆ ಕೇಳಿದ್ದರಿಂದ ಉತ್ತರವನ್ನೂ ಎಲ್ಲರ ಮುಂದೆಯೇ ಇಡುತ್ತಿದ್ದೇನೆ.

ಮೊದಲು ನನ್ನ ಪೆನ್ನು ಎಲ್ಲಿ ನಿಂತಿತು ಎಂದು ಹೇಳಬೇಕು. ಎಂಟನೇ ಅಂಶ. ಅದರ ತಾತ್ಪರ್ಯ ಇಷ್ಟು: ನಿಜವಾದ ವಿಶ್ವಾಸಿಗೆ ದೇಹದ ಸ್ವಸ್ಥತೆ ಖಂಡಿತ ಸಿಗುತ್ತದೆ, ಸಿಗದಿದ್ದರೆ ಗುಪ್ತ ಪಾಪವೋ ಅವಿಶ್ವಾಸವೋ ಕಾರಣ. ಈ ಸಾಲನ್ನು ನಾನು ಮೊದಲ ಸಲ ಓದುತ್ತಿರಲಿಲ್ಲ. ಮೈಕಿನಲ್ಲಿ ಕೇಳಿದ್ದೆ. ನನ್ನ ತಾಯಿಯ ತಲೆಯ ಮೇಲೆ ಕೈ ಇಟ್ಟುಕೊಂಡು ಹೇಳಿದ್ದರು.

2023ರ ಮಾರ್ಚ್. ನಮ್ಮ ಚರ್ಚ್ ಕಾಂಪೌಂಡಿನಲ್ಲೇ ಮೂರು ರಾತ್ರಿ ಸ್ವಸ್ಥತಾ ಕೂಟ ಇತ್ತು. ಹೊರಗಿನಿಂದ ಬಂದ ಬೋಧಕರು. ಪೋಸ್ಟರಿನಲ್ಲಿ ಕ್ಯಾನ್ಸರ್, ಶುಗರ್, ಲಕ್ವ ಎಂದು ಸಾಲಾಗಿ ಬರೆದಿತ್ತು. ಅಮ್ಮನಿಗೆ ಸ್ತನದ ಕ್ಯಾನ್ಸರ್. ಆಪರೇಷನ್ ಆಗಿ ಹದಿನಾಲ್ಕು ತಿಂಗಳಾಗಿತ್ತು, ಕಾಯಿಲೆ ಮತ್ತೆ ಮರುಕಳಿಸಿತ್ತು. ಎಡಗೈ ತೋಳಿನಿಂದ ಬೆರಳಿನವರೆಗೆ ಊದಿಕೊಂಡಿತ್ತು. ಮದುವೆಯ ಬಳೆ ಚರ್ಮದೊಳಗೆ ಕೂರುತ್ತಿದ್ದರಿಂದ ಅಕ್ಕಸಾಲಿಗರನ್ನು ಮನೆಗೇ ಕರೆಸಿ ಕೊಯ್ಸಿ ತೆಗೆಸಿದ್ದೆವು. ಕೂಟಕ್ಕೆ ಹೋಗಬೇಕು ಎಂದು ಅಮ್ಮನೇ ಹಟ ಮಾಡಿದಳು. ನಾನೂ ಬೇಡ ಅನ್ನಲಿಲ್ಲ. ಪ್ರಾರ್ಥನೆ ಬೇಡ ಅನ್ನುವವಳು ನಾನಲ್ಲ, ಅಲ್ವಾ?

ಎರಡನೇ ರಾತ್ರಿ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲೇ ವೇದಿಕೆಗೆ ಎತ್ತಿಟ್ಟರು. ಬೋಧಕರು ಹಣೆಗೆ ಎಣ್ಣೆ ಹಚ್ಚಿದರು, ತಲೆ ಹಿಡಿದು ಜೋರಾಗಿ ಪ್ರಾರ್ಥಿಸಿದರು. ಆಮೇಲೆ ‘ಕೈ ಎತ್ತು ತಾಯಿ’ ಎಂದರು. ಅಮ್ಮ ಎತ್ತಲು ನೋಡಿದಳು. ಮೊಣಕೈವರೆಗೆ ಬಂತು, ಮೇಲೆ ಹೋಗಲಿಲ್ಲ. ‘ಎತ್ತು, ಎತ್ತು’ ಎಂದು ಇಡೀ ಮೈದಾನ ಕೂಗಿತು. ಅವಳ ಮುಖದಲ್ಲಿ ಬೆವರು ಇಳಿಯುತ್ತಿತ್ತು, ನೋವಿಗೆ ತುಟಿ ಕಚ್ಚಿದ್ದಳು. ಬಲಗೈಯಿಂದ ಎಡಗೈ ಹಿಡಿದು ಮೇಲೆತ್ತಲು ನೋಡಿದಳು. ಆಗ ಅವರು ಮೈಕಿನಲ್ಲಿ, ‘ಈ ಮನೆಯಲ್ಲಿ ಯಾರಿಗೋ ಅವಿಶ್ವಾಸ ಇದೆ’ ಎಂದು ಹೇಳಿ ಮುಂದಿನವರ ಕಡೆಗೆ ತಿರುಗಿದರು.

ಮನೆಗೆ ಬಂದ ಮೇಲೆ ಅಮ್ಮ ಊಟ ಮಾಡಲಿಲ್ಲ. ರಾತ್ರಿ ಎಷ್ಟೋ ಹೊತ್ತಿಗೆ ಕರೆದಳು. ‘ಯವ್ವಾ, ನಂಬಿಕಿ ಇಲ್ಲದಾಕಿ ಯಾರು? ನಾನೋ, ನೀನೋ?’ ಎಂದು ಕೇಳಿದಳು. ಅಲ್ಲಿಂದ ಆಗಸ್ಟ್‌ವರೆಗೆ, ಅವಳು ತೀರಿಕೊಳ್ಳುವವರೆಗೆ, ಈ ಪ್ರಶ್ನೆ ನಮ್ಮ ಮನೆಯಲ್ಲಿತ್ತು. ಕ್ಯಾನ್ಸರಿನ ನೋವಿಗೆ ಡಾಕ್ಟರು ಮಾರ್ಫಿನ್ ಗುಳಿಗೆ ಕೊಟ್ಟಿದ್ದರು. ಈ ನೋವಿಗೆ ಯಾರ ಹತ್ತಿರವೂ ಗುಳಿಗೆ ಇರಲಿಲ್ಲ.

ಇದು ಒಬ್ಬಳ ಕಥೆ ಅಂದುಕೊಳ್ಳಬೇಡಿ. ಅದೇ ಕೂಟದಲ್ಲಿ ‘ನನಗೆ ಶುಗರ್ ಹೋಯಿತು’ ಎಂದು ಸಾಕ್ಷಿ ಹೇಳಿದ ಸಹೋದರರೊಬ್ಬರು ಗುಳಿಗೆ ನಿಲ್ಲಿಸಿದರು. ಎಂಟು ತಿಂಗಳಿಗೆ ಕಾಲಿನ ಎರಡು ಬೆರಳು ಹೋದವು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ಸಾಕ್ಷಿ ಹೇಳಿದ ದಿನ ಅವರಿಗೆ ಚಪ್ಪಾಳೆ ಸಿಕ್ಕಿತು. ಬೆರಳು ಹೋದ ದಿನ ವೇದಿಕೆ ಸಿಗಲಿಲ್ಲ.

ಈಗ ನಾನು ನಂಬುವುದು.

ಪ್ರತಿ ಭಾನುವಾರ ನಾವೆಲ್ಲ ಎದ್ದು ನಿಂತು ಅಪೊಸ್ತಲರ ವಿಶ್ವಾಸ ಪ್ರಮಾಣ ಹೇಳುತ್ತೇವೆ. ಕರ್ತನ ಭೋಜನ ಇದ್ದ ದಿನ ನೈಸಿಯದ ಪ್ರಮಾಣ. ಅದಕ್ಕೆ ಬುನಾದಿ ಹಾಕಿದ ಬಿಷಪ್‌ಗಳ ಸಭೆ ನೈಸಿಯ ಪಟ್ಟಣದಲ್ಲಿ ಸೇರಿದ್ದು ಕ್ರಿ.ಶ. 325ರಲ್ಲಿ, 2025ಕ್ಕೆ 1700 ವರ್ಷ ತುಂಬಿತು. ಆ ನೆನಪಿಗೇ ಈ ಘೋಷಣಾ ಪತ್ರ ತಂದೆವು ಎಂದು ನೀವು ಹೇಳಿದಿರಿ. ಈ ಎರಡು ಪ್ರಮಾಣಗಳನ್ನೂ ನಾನು ಬಾಯಿಪಾಠಕ್ಕೆ ಹೇಳುವುದಿಲ್ಲ, ಮನಸ್ಸಿಟ್ಟು ಹೇಳುತ್ತೇನೆ. ಭೂಮಿ ಆಕಾಶ ಮಾಡಿದ ತಂದೆಯನ್ನು ನಂಬುತ್ತೇನೆ. ಆತನ ಮಗ ಯೇಸುವನ್ನು ನಂಬುತ್ತೇನೆ. ಪವಿತ್ರಾತ್ಮನನ್ನು ನಂಬುತ್ತೇನೆ. ಪಾಪಕ್ಕೆ ಕ್ಷಮೆ ಇದೆ, ಸತ್ತವರು ಏಳುತ್ತಾರೆ ಎಂದು ನಂಬುತ್ತೇನೆ.

ಆದರೆ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಅಪೊಸ್ತಲರ ಪ್ರಮಾಣ ಕಲಿಸುವಾಗ ಒಂದು ಜಾಗದಲ್ಲಿ ನಾನು ಯಾವಾಗಲೂ ನಿಲ್ಲುತ್ತಿದ್ದೆ. ಕನ್ನಿಕೆ ಮರಿಯಳಲ್ಲಿ ಹುಟ್ಟಿದ ಎಂದು ಹೇಳಿದ ಕೂಡಲೇ ಪೊಂತ್ಯ ಪಿಲಾತನ ಕಾಲದಲ್ಲಿ ಕಷ್ಟಪಟ್ಟ ಎಂದು ಬರುತ್ತದೆ. ಹುಟ್ಟಿದ, ಸತ್ತ. ನಡುವೆ ಏನು ಮಾಡಿದ? ‘ಮಕ್ಕಳೇ, ಇಲ್ಲಿ ಉಸಿರು ತಗೊಳ್ಳಿ, ಈ ಉಸಿರಿನಲ್ಲಿ ನಾಲ್ಕು ಸುವಾರ್ತೆ ಇದೆ’ ಅನ್ನುತ್ತಿದ್ದೆ. ನನ್ನ ನಂಬಿಕೆ ಜಾಸ್ತಿ ಇರುವುದು ಆ ಉಸಿರಿನಲ್ಲಿ. ಆತ ಯಾರ ಮನೆಯಲ್ಲಿ ಉಂಡ, ಯಾರನ್ನು ಮುಟ್ಟಿದ, ಯಾರ ಮುಂದೆ ಅತ್ತ ಎಂಬುದರಲ್ಲಿ.

ಯೇಸು ರೋಗಿಗಳನ್ನು ಗುಣಪಡಿಸಿದ ಎಂದು ನಂಬುತ್ತೇನೆ. ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ‘ಟೀಚರಮ್ಮ ಪವಾಡ ನಂಬೋದಿಲ್ಲ’ ಎಂಬ ಮಾತು ಓಡಾಡುತ್ತಿದೆ ಎಂದು ಕೇಳಿದೆ. ನಂಬುತ್ತೇನೆ. ಇವತ್ತೂ ಆತ ಗುಣಪಡಿಸಬಲ್ಲ ಎಂದು ನಂಬುತ್ತೇನೆ. ಗುಣವಾಗದವರ ಮೇಲೆ ಆತ ತಪ್ಪು ಹೊರಿಸಿದ್ದನ್ನು ಮಾತ್ರ ನಾಲ್ಕು ಸುವಾರ್ತೆಗಳಲ್ಲಿ ಎಲ್ಲೂ ನೋಡಿಲ್ಲ.

ದಯವಿಟ್ಟು ನನ್ನ ಜೊತೆ ಬೈಬಲ್ ತೆರೆಯಿರಿ. ಯೋಹಾನನ ಸುವಾರ್ತೆ, 5ನೇ ಅಧ್ಯಾಯ. ಬೇತ್ಸಥ ಕೊಳದ ಹತ್ತಿರ 38 ವರ್ಷದಿಂದ ಬಿದ್ದುಕೊಂಡಿದ್ದವನು. ಯೇಸು ಅವನನ್ನು ಎಬ್ಬಿಸಿ ನಡೆಸಿದ. ಆಮೇಲೆ ಯಾರೋ ‘ನಿನ್ನನ್ನು ಗುಣಪಡಿಸಿದವರು ಯಾರು’ ಎಂದು ಕೇಳಿದರೆ ಅವನಿಗೆ ಗೊತ್ತೇ ಇರಲಿಲ್ಲ! ಹೆಸರೂ ಗೊತ್ತಿಲ್ಲದವನಿಗೆ ಎಷ್ಟು ವಿಶ್ವಾಸ ಇದ್ದಿರಬೇಕು ಹೇಳಿ. ಅದೇ ಸುವಾರ್ತೆಯ 9ನೇ ಅಧ್ಯಾಯಕ್ಕೆ ಬನ್ನಿ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳುತ್ತಾರೆ, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಎಂದು. ಅಮ್ಮ ನನ್ನನ್ನು ಕೇಳಿದ್ದೂ ಇದೇ ತಾನೇ? ಯೇಸು ಕೊಟ್ಟ ಉತ್ತರ, ಇವನೂ ಅಲ್ಲ, ಅವರೂ ಅಲ್ಲ. ಆ ರಾತ್ರಿ ನನಗೆ ಈ ಉತ್ತರ ನೆನಪಾಗಲಿಲ್ಲ. ನಾನು ಸುಮ್ನೆ ಅತ್ತೆ. ಅವಳಿಗೆ ಅದನ್ನು ಓದಿ ಹೇಳಿದ್ದು ವಾರದ ಮೇಲೆ. ಅಷ್ಟರಲ್ಲಿ ಮೈಕಿನ ಮಾತು ಒಳಗಿಳಿದಿತ್ತು.

ಆ ಬೋಧಕರು ನಜರೇತಿನ ಉದಾಹರಣೆ ಕೊಟ್ಟಿದ್ದರು. ಜನರ ಅವಿಶ್ವಾಸದಿಂದ ಯೇಸುವಿಗೇ ಅಲ್ಲಿ ಮಹತ್ಕಾರ್ಯ ಮಾಡಲು ಆಗಲಿಲ್ಲ ಎಂದು. ಮಾರ್ಕನ 6ನೇ ಅಧ್ಯಾಯ. ನಿಜ, ಬರೆದಿದೆ. ಆದರೆ ‘ಇವನು ನಮ್ಮೂರ ಬಡಗಿ ಅಲ್ಲವೇ’ ಎಂದು ಮೂಗು ಮುರಿದವರ ಅವಿಶ್ವಾಸ ಅದು. ಆ ಊರಲ್ಲೂ ಕೆಲವು ರೋಗಿಗಳ ಮೇಲೆ ಕೈಯಿಟ್ಟು ಗುಣಪಡಿಸಿದ ಎಂದು ಅದೇ ವಚನದಲ್ಲಿದೆ. ಅರ್ಧ ಓದಿ ಮೈಕ್ ಕೆಳಗಿಟ್ಟರೆ ಹೇಗೆ?

ಅಪೊಸ್ತಲ ಪೌಲನನ್ನೇ ನೋಡಿ. ತನ್ನ ಶರೀರದಲ್ಲಿದ್ದ ಮುಳ್ಳನ್ನು ತೆಗೆ ಎಂದು ಮೂರು ಸಲ ಬೇಡಿದ. ತೆಗೆಯಲಿಲ್ಲ. ಅವನ ಜೊತೆಗಾರ ತಿಮೊಥೆಗೆ ಹೊಟ್ಟೆಯ ತೊಂದರೆ ಇತ್ತು, ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಪೌಲ ಪತ್ರ ಬರೆದ. ‘ನಿನ್ನಲ್ಲಿ ಗುಪ್ತ ಪಾಪ ಇದೆ’ ಎಂದು ಬರೆಯಲಿಲ್ಲ. ಇನ್ನೊಬ್ಬ ಜೊತೆಗಾರ ತ್ರೊಫಿಮನನ್ನು ಅಸ್ವಸ್ಥನಾಗಿದ್ದಾಗಲೇ ಮಿಲೇತದಲ್ಲಿ ಬಿಟ್ಟು ಮುಂದೆ ಹೋಗಬೇಕಾಯಿತು. ಪೌಲನ ಜೊತೆಗಾರ ಲೂಕ ವೈದ್ಯ. ಎಂಟನೇ ಅಂಶಕ್ಕೆ ಸಹಿ ಹಾಕಿದರೆ ಇವರೆಲ್ಲರನ್ನೂ ನಾನು ಅವಿಶ್ವಾಸಿಗಳ ಪಟ್ಟಿಗೆ ಸೇರಿಸಬೇಕಾಗುತ್ತದೆ.

ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ ನನಗೆ ಗೊತ್ತಿದೆ. ನಿಮ್ಮಲ್ಲಿ ಅಸ್ವಸ್ಥರಿದ್ದರೆ ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದಿದೆ. ಹಿರಿಯರೇ, ಅದನ್ನು ಇನ್ನೊಮ್ಮೆ ನಿಧಾನಕ್ಕೆ ಓದಿ. ರೋಗಿಯನ್ನು ವೇದಿಕೆಗೆ ಎತ್ತಿಡಿ ಎಂದಿಲ್ಲ. ಹಿರಿಯರು ರೋಗಿಯ ಹತ್ತಿರ ಹೋಗಬೇಕು. ವಿಶ್ವಾಸದಿಂದ ಪ್ರಾರ್ಥಿಸಬೇಕಾದವರೂ ಆ ಹಿರಿಯರೇ. ಆ ಐದು ತಿಂಗಳಲ್ಲಿ ಸಮಿತಿಯಿಂದ ನಮ್ಮ ಮನೆಯ ಹೊಸ್ತಿಲು ದಾಟಿದವರು ಇಬ್ಬರು. ಅವರ ಋಣ ನನ್ನ ಮೇಲಿದೆ. ಉಳಿದವರು ಅಂತ್ಯಕ್ರಿಯೆಗೆ ಬಂದಿರಿ.

ನನಗೆ ಇದೆಲ್ಲಕ್ಕಿಂತ ಹೆಚ್ಚು ಆಸರೆಯಾದದ್ದು ಮಾರ್ಕನ 2ನೇ ಅಧ್ಯಾಯ. ಕಪೆರ್ನೌಮಿನ ಆ ಮನೆ, ಬಾಗಿಲಲ್ಲಿ ಜನವೋ ಜನ, ಪಾರ್ಶ್ವವಾಯು ಹೊಡೆದವನನ್ನು ನಾಲ್ಕು ಜನ ಹೊತ್ತು ತಂದಿದ್ದಾರೆ. ಒಳಗೆ ಹೋಗಲು ದಾರಿಯಿಲ್ಲ. ಮಾಳಿಗೆ ಹತ್ತಿ, ಮೇಲಿನ ಮುಚ್ಚಿಗೆ ಬಿಚ್ಚಿ, ಹಾಸಿಗೆ ಸಮೇತ ಕೆಳಗಿಳಿಸುತ್ತಾರೆ. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆ ನೋಡಿದ ಮಕ್ಕಳಿಗೆ ಈ ಕಥೆ ಕೂಡಲೇ ಅರ್ಥವಾಗುತ್ತದೆ. ಕೆಳಗೆ ಕೂತವರ ತಲೆ ಮೇಲೆ ಮಣ್ಣು ಉದುರಿತ್ತಾ ಟೀಚರ್ ಎಂದು ಕೇಳುತ್ತಾರೆ. ಅಲ್ಲಿ ಮಾರ್ಕ ಬರೆಯುವುದು ಏನು? ಯೇಸು ‘ಅವರ’ ನಂಬಿಕೆ ನೋಡಿದ. ಮಲಗಿದವನ ನಂಬಿಕೆ ಎಷ್ಟಿತ್ತು ಎಂಬ ಮಾತೇ ಇಲ್ಲ. ಅವನು ಬಾಯಿ ಬಿಟ್ಟು ಒಂದು ಮಾತಾಡಿದ್ದೂ ಇಲ್ಲ. ಯೇಸುವಿನ ಕಣ್ಣಿಗೆ ಬಿದ್ದದ್ದು ಹೊತ್ತವರ ನಂಬಿಕೆ.

ಸಭೆ ಎಂದರೆ ಏನು ಎಂದು ಕೇಳಿದರೆ ನಾನು ನಂಬುವುದು ಇದನ್ನೇ. ಒಬ್ಬರು ಮಲಗಿದಾಗ ನಾಲ್ವರು ಹೊರಬೇಕು. ಕಾಯಿಲೆ ಬಿದ್ದವರಿಗೆ ನಂಬುವ ತ್ರಾಣವೂ ಇರುವುದಿಲ್ಲ. ಕಿಮೋ ಆದ ಮೂರನೇ ದಿನ ಅಮ್ಮನಿಗೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಶುರು ಮಾಡಿದರೆ ಮುಗಿಸುವ ಶಕ್ತಿ ಇರುತ್ತಿರಲಿಲ್ಲ. ನಾವು ಸುತ್ತ ಕೂತು ಮುಗಿಸುತ್ತಿದ್ದೆವು. ಅವಳ ಪಾಲಿನದನ್ನು ನಾವು ಹೇಳಿದೆವು. ಹಾಗೆ ಹೇಳಿದರೆ ಅದು ಅವಳ ಪ್ರಾರ್ಥನೆ ಅಲ್ಲ ಅನ್ನುತ್ತೀರಾ?

ನಮ್ಮ ಸಭೆಯಲ್ಲಿ ಹೊತ್ತವರು ಇದ್ದರು. ಅದನ್ನು ಬರೆಯದಿದ್ದರೆ ಈ ಪತ್ರ ಸುಳ್ಳಾಗುತ್ತದೆ. ಸ್ತ್ರೀಯರ ಸಂಘದ ಮೂವರು ಸರದಿ ಹಾಕಿಕೊಂಡು ಅಮ್ಮನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋದರು, ನನಗೆ ಶಾಲೆಗೆ ರಜೆ ಸಿಗದ ದಿನಗಳಲ್ಲಿ. ಅವರಲ್ಲೇ ಒಬ್ಬರು ಪ್ರತಿ ಬುಧವಾರ ರಾಗಿ ಗಂಜಿ ತಂದರು, ಅಮ್ಮ ಎರಡು ಚಮಚ ಮಾತ್ರ ಕುಡಿದು ಉಳಿಸುತ್ತಾಳೆ ಎಂದು ಗೊತ್ತಿದ್ದೂ ತಂದರು. ನಾಲ್ಕನೆಯವರು ನಮ್ಮ ಬಾಜೂ ಮನೆಯ ಕಾಕಾ. ರಾತ್ರಿ ಎರಡು ಗಂಟೆಗೂ ಆಟೋ ತೆಗೆದರು. ಅವರು ನಮ್ಮ ಸಭೆಯವರಲ್ಲ, ಯಾವ ಸಭೆಯವರೂ ಅಲ್ಲ. ಪ್ರತಿ ಶ್ರಾವಣ ಸೋಮವಾರ ಗುಡಿಗೆ ಹೋಗುವವರು.

ಹಾಗಾಗಿ ಹತ್ತನೇ ಅಂಶಕ್ಕೂ ನನ್ನ ಸಹಿ ಇಲ್ಲ. ಬೇರೆ ಧರ್ಮದವರ ಹಬ್ಬದ ಊಟ ಮುಟ್ಟುವುದಿಲ್ಲ ಎಂದು ಅದರಲ್ಲಿದೆ. ಯುಗಾದಿಗೆ ಕಾಕಾನ ಮನೆಯಿಂದ ಹೋಳಿಗೆ ಬರುತ್ತದೆ, ಕ್ರಿಸ್ಮಸ್‌ಗೆ ನಮ್ಮ ಮನೆಯಿಂದ ಕರಚಿಕಾಯಿ ಹೋಗುತ್ತದೆ. ಇದು ನನ್ನ ಅಜ್ಜಿಯ ಕಾಲದಿಂದ ನಡೆದುಬಂದದ್ದು. ಯಾರ ಮನಸ್ಸಾಕ್ಷಿಗಾದರೂ ಇದು ಬೇಡವೆನಿಸಿದರೆ ಅವರು ತಿನ್ನದಿರಲಿ, ನಾನು ಏನೂ ಅನ್ನುವುದಿಲ್ಲ. ನನಗೆ ಯೇಸುವೊಬ್ಬನೇ ಕರ್ತ. ಅದು ಹೋಳಿಗೆಯಿಂದ ಅಲುಗುವಂಥದ್ದಲ್ಲ. ದಾರಿಯಲ್ಲಿ ಬಿದ್ದವನನ್ನು ಎತ್ತಿದ್ದು ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು ಎಂದು ನಮ್ಮ ಸ್ವಾಮಿಯೇ ಹೇಳಿದ್ದಾನೆ.

ಇನ್ನು ಹನ್ನೊಂದನೇ ಅಂಶ, ಸಭೆಯ ಉಪದೇಶವನ್ನು ಪ್ರಶ್ನಿಸುವುದಿಲ್ಲ ಎಂಬುದು. ಇಲ್ಲಿ ಸ್ವಲ್ಪ ಚರಿತ್ರೆ ನೆನಪಿಸಬೇಕು.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮೂರು ವರ್ಷಕ್ಕೆ ಧಾರವಾಡದ ಕಡೆ ಬಂದರು. ನಮ್ಮ ಈ ಕಲ್ಲಿನ ಚರ್ಚಿನ ಬೇರು ಅಲ್ಲಿದೆ. ಅವರು ಪ್ರಶ್ನೆ ಕೇಳುತ್ತಾ ಬಂದವರು. ಆ ಮಿಶನ್‌ನ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಶುರುಮಾಡಿದ್ದು ಜನರ ಜೊತೆ ಮಾತಾಡಬೇಕೆಂದು. ಕಿಟ್ಟೆಲ್ ಸಾಹೇಬರು ಊರ ಪಂಡಿತರ ಮುಂದೆ ಕೂತು ಪದಪದಕ್ಕೂ ಅರ್ಥ ಕೇಳಿ ಕೇಳಿ 1894ರಲ್ಲಿ ನಿಘಂಟು ಕೊಟ್ಟರು. ಕ್ರಿಸ್ತನ ಚರಿತ್ರೆಯನ್ನು ನಮ್ಮ ಷಟ್ಪದಿಯಲ್ಲಿ ಹೇಳಿದರು. ಪ್ರಶ್ನೆ ಕೇಳುವುದು ಅವಿಶ್ವಾಸವಾಗಿದ್ದರೆ ನಮಗೆ ಆ ನಿಘಂಟೂ ಇರುತ್ತಿರಲಿಲ್ಲ. ಹಾಗೆ ಬಂದವರಲ್ಲಿ ಎಷ್ಟೋ ಜನ, ಅವರ ಹೆಂಡತಿ ಮಕ್ಕಳು, ಇಲ್ಲಿಯ ಜ್ವರಕ್ಕೆ ಸತ್ತು ಇಲ್ಲೇ ಮಣ್ಣಾದರು. ಕಿಟ್ಟೆಲರ ಮೊದಲ ಹೆಂಡತಿಯೂ ಮದುವೆಯಾದ ಕೆಲವೇ ವರ್ಷದಲ್ಲಿ ತೀರಿಕೊಂಡರು. ಅವರಿಗೆಲ್ಲ ವಿಶ್ವಾಸ ಕಡಿಮೆ ಇತ್ತೇ? ಆ ಮಿಶನ್‌ನವರೇ ಬೆಟಗೇರಿಯಲ್ಲಿ ದವಾಖಾನೆ ಕಟ್ಟಿದರು. ಪ್ರಾರ್ಥನೆಯೂ ಇರಲಿ, ಔಷಧಿಯೂ ಇರಲಿ ಎಂಬುದು ನಮ್ಮ ಹಿರಿಯರ ದಾರಿ.

ಇನ್ನೊಂದು. ನಾವು ಸೇರಿರುವ ದಕ್ಷಿಣ ಇಂಡಿಯಾ ಸಭೆ (ಸಿ.ಎಸ್.ಐ.) ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಕತೀಡ್ರಲ್‌ನಲ್ಲಿ. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಮೂಲದವರು ಒಂದಾದರು. ನಮ್ಮ ಕಡೆಯ ಸಭೆಗಳು ಆಮೇಲೆ ಸೇರಿಕೊಂಡವು. ಒಂದಾಗುವಾಗ ಅವರು ಅಪೊಸ್ತಲರ ಮತ್ತು ನೈಸಿಯದ ಪ್ರಮಾಣಗಳನ್ನು ಒಪ್ಪಿಕೊಂಡರು. ಆದರೆ ಅದರ ಒಂದೊಂದು ಪದಕ್ಕೂ ಒಂದೊಂದು ಮಾತಿಗೂ ಪ್ರತಿಯೊಬ್ಬನ ಒಪ್ಪಿಗೆಯನ್ನು ಒತ್ತಾಯದಿಂದ ಕೇಳುವುದಿಲ್ಲ, ಅರ್ಥ ಮಾಡಿಕೊಳ್ಳುವುದರಲ್ಲಿ ನ್ಯಾಯವಾದ ಸ್ವಾತಂತ್ರ್ಯ ಇರುತ್ತದೆ ಎಂದು ಆ ಐಕ್ಯದ ಕರಾರಿನಲ್ಲೇ ಬರೆದರು. ನೂರಾರು ವರ್ಷದ ಪ್ರಮಾಣಕ್ಕೇ ಅಷ್ಟು ಸಡಿಲಿಕೆ ಕೊಟ್ಟ ಸಭೆಯಲ್ಲಿ, ಕಳೆದ ತಿಂಗಳು ಟೈಪ್ ಮಾಡಿಸಿದ ಹಾಳೆಗೆ ಸಹಿ ಹಾಕದವಳನ್ನು ಮಕ್ಕಳಿಂದ ದೂರ ಇಡುವುದು ಯಾವ ನ್ಯಾಯ?

ನನಗೂ ಅನುಮಾನಗಳಿವೆ. ಅಮ್ಮ ಹೋದ ಮೇಲೆ ಎರಡು ತಿಂಗಳು ನನಗೆ ಪ್ರಾರ್ಥಿಸಲು ಆಗಲಿಲ್ಲ. ಆರಾಧನೆಗೆ ಬಂದೆ, ಗೀತಪುಸ್ತಕ ತೆರೆದು ನಿಂತೆ, ಬಾಯಿ ಬರಲಿಲ್ಲ. ಪಕ್ಕದವರು ಹಾಡಿದ್ದು ಕೇಳಿಸಿಕೊಂಡೆ. ಮಗನನ್ನು ಯೇಸುವಿನ ಹತ್ತಿರ ತಂದ ಒಬ್ಬ ತಂದೆ, ನಂಬುತ್ತೇನೆ ಎಂದು ಹೇಳಿದ ಅದೇ ಉಸಿರಿನಲ್ಲಿ ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದೂ ಬೇಡಿದ. ಆ ತಂದೆಯ ಮಗ ಗುಣವಾದ. ನಿಮ್ಮ ಫಾರಂನಲ್ಲಿ ಹಾಗೆ ಬೇಡುವವರಿಗೆ ಜಾಗವೇ ಇಲ್ಲ.

ಕನ್ನಡದಲ್ಲಿ ‘ನಂಬು’ ಅನ್ನುವ ಮಾತನ್ನು ನಾವು ಹೇಗೆ ಬಳಸುತ್ತೇವೆ ನೋಡಿ. ನಿಮ್ಮನ್ನೇ ನಂಬಿಕೊಂಡಿದ್ದೇನೆ ಅನ್ನುತ್ತೇವೆ. ಇದು ಹೀಗೇ ಆಗುತ್ತದೆ ಎಂಬ ಲೆಕ್ಕ ಅದರಲ್ಲಿಲ್ಲ, ಆ ಮನುಷ್ಯನ ಮೇಲೆ ಭಾರ ಹಾಕುವುದಿದೆ. ನಮ್ಮದು ಎರೆ ಹೊಲದ ಸೀಮೆ. ಕೊನೆಯ ತಿಂಗಳಲ್ಲಿ ಅಮ್ಮನನ್ನು ಒಮ್ಮೆ ಕೇಳಿದೆ, ‘ಇಷ್ಟು ಬೇಡಿದರೂ ಆತ ಕೊಡಲಿಲ್ಲವಲ್ಲ, ಬೇಸರ ಇಲ್ಲೇನು?’ ಎಂದು. ಅವಳು ಕಿಟಕಿ ಕಡೆ ನೋಡಿದಳು. ಹೊರಗೆ ಆ ವರ್ಷದ ಮುಂಗಾರು ಕೈಕೊಟ್ಟಿತ್ತು. ‘ಮಳೀ ನಂಬಿ ಬಿತ್ತತೀವಿ. ಬರಲಿಲ್ಲ ಅಂದ್ರ ಒಕ್ಕಲತನ ಬಿಡತೀವೇನು?’ ಅಂದಳು. ಅವಳ ಒಳಗೆ ಆ ಪ್ರಶ್ನೆ ಕೊನೆಗೂ ಇಳಿದು ಹೋಯಿತೋ ಏನೋ, ಆ ದಿನದ ನಂತರ ಅದನ್ನು ಮತ್ತೆ ಕೇಳಲಿಲ್ಲ. ಅವಿಶ್ವಾಸ ಇದೆ ಎಂದು ಮೈಕಿನಲ್ಲಿ ಹೇಳಿಸಿಕೊಂಡವಳ ವಿಶ್ವಾಸ ಪ್ರಮಾಣ ಅದು. ನಾನು ಸಹಿ ಹಾಕುವುದಾದರೆ ಅದರ ಕೆಳಗೆ ಹಾಕುತ್ತೇನೆ.

ಸತ್ತವರು ಏಳುತ್ತಾರೆ ಎಂದು ನಂಬುತ್ತೇನೆ ಎಂದೆ. ಈಸ್ಟರ್ ದಿನ ಬೆಳಗಿನ ಜಾವ ಸ್ಮಶಾನದಲ್ಲಿ ಮೇಣದ ಬತ್ತಿ ಹಿಡಿದು ಆರಾಧನೆ ಮಾಡುತ್ತೇವಲ್ಲ, ಈಗ ಎರಡು ವರ್ಷದಿಂದ ನಾನು ಅಮ್ಮನ ಗೋರಿಯ ಹತ್ತಿರವೇ ನಿಲ್ಲುತ್ತೇನೆ. ಅದು ಹೇಗೆ ಆಗುತ್ತದೆ ಎಂದು ನನಗೆ ವಿವರಿಸಲು ಬರುವುದಿಲ್ಲ. ಎದ್ದು ಬಂದ ಯೇಸುವಿನ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು, ತೋಮನಿಗೆ ಅದನ್ನೇ ತೋರಿಸಿದ. ಅದು ನನಗೆ ಸಾಕು. ಅಮ್ಮ ಎದ್ದಾಗ ಆ ಎಡಗೈಯನ್ನು ಯಾರ ಮುಂದೂ ಮುಚ್ಚಿಕೊಳ್ಳಬೇಕಾಗಿಲ್ಲ.

ಇಷ್ಟು ನನ್ನ ನಂಬಿಕೆ. ಇನ್ನು ನನ್ನ ಬೇಡಿಕೆಗಳು.

ಆ ಘೋಷಣಾ ಪತ್ರವನ್ನು ವಾಪಸ್ ತೆಗೆದುಕೊಳ್ಳಿ. ಅದು ಆಗದಿದ್ದರೆ ಎಂಟು, ಹತ್ತು, ಹನ್ನೊಂದನೇ ಅಂಶಗಳನ್ನು ಸಭೆಯವರೆಲ್ಲರ ಮುಂದೆ ಚರ್ಚೆಗೆ ಇಡಿ. ಮುಂದಿನ ದೃಢೀಕರಣದ (ಕನ್ಫರ್ಮೇಶನ್) ತರಗತಿಯಲ್ಲಿರುವ ಹದಿನೈದು ಹದಿನಾರು ವರ್ಷದ ಮಕ್ಕಳ ಕೈಗೆ ಮಾತ್ರ ಯಾವ ಕಾರಣಕ್ಕೂ ಅದನ್ನು ಕೊಡಬೇಡಿ. ಅವರು ಪ್ರಶ್ನೆ ಕೇಳಲಿ. ಆ ವಯಸ್ಸಿನಲ್ಲಿ ಕೇಳದಿದ್ದರೆ ಇನ್ಯಾವಾಗ ಕೇಳುತ್ತಾರೆ?

ಸ್ವಸ್ಥತೆಗಾಗಿ ಪ್ರಾರ್ಥಿಸುವುದನ್ನು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಆದರೆ ಹೊರಗಿನವರನ್ನು ಕರೆಸುವ ಮುಂಚೆ ಅವರು ಏನು ಹೇಳುತ್ತಾರೆ ಎಂದು ವಿಚಾರಿಸಿ. ಕೂಟದ ಪ್ರತಿ ರಾತ್ರಿ, ಸಭಾಪಾಲಕರೇ, ನೀವೇ ಎದ್ದು ನಿಂತು ಒಂದು ಮಾತು ಹೇಳಿ: ಡಾಕ್ಟರನ್ನು ಕೇಳದೆ ಯಾರೂ ಗುಳಿಗೆ ಬಿಡಬೇಡಿ. ಒಂದು ನಿಮಿಷದ ಮಾತು, ಒಬ್ಬರ ಕಾಲು ಉಳಿಯುತ್ತದೆ. ಪೋಸ್ಟರ್ ವಿಷಯವೂ ಇದೆ. ಮಂತ್ರ ತಾಯಿತದಂಥ ಪವಾಡದ ಉಪಾಯಗಳಿಂದ ಕ್ಯಾನ್ಸರ್, ಸಕ್ಕರೆ ಕಾಯಿಲೆ ಗುಣವಾಗುತ್ತವೆ ಎಂದು ಜಾಹೀರಾತು ಕೊಡುವುದನ್ನು 1954ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ನಮ್ಮ ಎಣ್ಣೆ ಬಾಟಲಿ ಅದರಲ್ಲಿ ಬರುತ್ತದೋ ಇಲ್ಲವೋ ವಕೀಲರು ಹೇಳಲಿ. ಕಾಯಿಲೆಗಳ ಹೆಸರನ್ನು ಸಾಲಾಗಿ ಬರೆದು ರೋಗಿಗಳನ್ನು ಕರೆಯುವುದು ನಮಗೆ ಒಪ್ಪುವ ಕೆಲಸವಲ್ಲ.

ಸಮಿತಿಯವರು ಒಂದು ಪಟ್ಟಿ ಮಾಡಿ. ನಮ್ಮ ಸಭೆಯಲ್ಲಿ ಈಗ ಹಾಸಿಗೆ ಹಿಡಿದವರು ಯಾರು ಯಾರು ಎಂದು. ನನಗೆ ಗೊತ್ತಿರುವಂತೆ ಏಳು ಮನೆ. ಒಬ್ಬೊಬ್ಬ ಹಿರಿಯರು ಒಂದೊಂದು ಮನೆ ಹಂಚಿಕೊಂಡರೆ ತಿಂಗಳಿಗೆ ಎರಡು ಸಲ ಹೋಗಿ ಕೂರುವುದು ಕಷ್ಟವಲ್ಲ. ಪ್ರಾರ್ಥನೆ ಉದ್ದ ಬೇಡ. ಮನೆಯಲ್ಲಿ ನೋಡಿಕೊಳ್ಳುವವರಿಗೆ ಒಂದು ಗಂಟೆ ಹೊರಗೆ ಹೋಗಿ ಬರಲು ಬಿಟ್ಟರೆ ಅದೇ ದೊಡ್ಡದು. ಬೆರಳು ಕಳೆದುಕೊಂಡ ಸಹೋದರರ ಮನೆಯಿಂದ ಶುರು ಮಾಡಿ. ಅವರು ಈಗ ಹಿಂದಿನ ಬೆಂಚಿನಲ್ಲಿ ಕೂತು ಕೊನೆಯ ಹಾಡಿಗೆ ಮುಂಚೆಯೇ ಎದ್ದು ಹೋಗುತ್ತಾರೆ. ಗಮನಿಸಿದ್ದೀರಾ?

ನನ್ನ ವಿಷಯದಲ್ಲಿ ನೀವು ಏನೇ ತೀರ್ಮಾನಿಸಿದರೂ ಅದನ್ನು ಮಕ್ಕಳಿಗೆ ನಿಜವಾಗಿ ಹೇಳಿ. ಟೀಚರ್ ಬಿಟ್ಟುಹೋದರು ಅನ್ನಬೇಡಿ.

ಫಾರಂ ಇದರ ಜೊತೆ ಇಟ್ಟಿದ್ದೇನೆ. ಒಂಬತ್ತು ಅಂಶಗಳ ಮುಂದೆ ಸಹಿ ಇದೆ, ಮೂರರ ಮುಂದೆ ಇಲ್ಲ. ಸಂಡೇ ಸ್ಕೂಲ್ ಕಪಾಟಿನ ಕೀಲಿಕೈ ಇನ್ನೂ ನನ್ನ ಹತ್ತಿರವೇ ಇದೆ. ಹಾಜರಿ ಪುಸ್ತಕ, ಬಣ್ಣದ ಪೆನ್ಸಿಲ್‌ಗಳು, ಕ್ರಿಸ್ಮಸ್ ನಾಟಕದ ಬಟ್ಟೆಗಳು ಅದರಲ್ಲಿವೆ. ಬರುವ ಭಾನುವಾರ ಎಂಟೂವರೆಗೆ ಎಂದಿನಂತೆ ಬರುತ್ತೇನೆ. ಕಪಾಟು ನಾನೇ ತೆಗೆಯಬೇಕೋ, ಕೀಲಿಕೈ ಯಾರಿಗಾದರೂ ಕೊಡಬೇಕೋ, ಅಷ್ಟರೊಳಗೆ ತಿಳಿಸಿ.

ಇಂತಿ,
ಕ್ರಿಸ್ತನಲ್ಲಿ ನಿಮ್ಮ ಸಹೋದರಿ,
ಸಂಡೇ ಸ್ಕೂಲ್ ಶಿಕ್ಷಕಿ